ಇಪ್ಪತ್ತು ಮಿಲಿಮೀಟರ್

ನನ್ನ ಭಾವ ಎಬರ್ಹಾರ್ಟ್ ಟೈರು ಕೊಂಡು ತಂದದ್ದು ಮೊದಲು, ಅವು ತಮ್ಮ ಕಾರಿಗೆ ಆಗುತ್ತವೆಯೇ ಎಂದು ಕೇಳಿದ್ದು ಆಮೇಲೆ. ನೆಕ್ಕರ್ ನದಿಯ ಈಚೆ ದಡದ ನಮ್ಮ ಜನವೇ ಹಾಗೆ. ಜೇಬಿನಿಂದ ಒಂದು ಯೂರೋ ತೆಗೆಯಬೇಕಾದರೆ ಮೂರು ದಿನ ಯೋಚಿಸುತ್ತೇವೆ, ಅರ್ಧ ಬೆಲೆ ಎಂಬ ಬೋರ್ಡು ಕಂಡರೆ ಮೂರು ನಿಮಿಷವೂ ಯೋಚಿಸುವುದಿಲ್ಲ. ಸ್ಟೇಷನ್ ಬೀದಿಯ ಟೈರಿನಂಗಡಿಯವನು ವಯಸ್ಸಾಯಿತೆಂದು ಅಂಗಡಿ ಮುಚ್ಚುತ್ತಿದ್ದ. ಮಾರಿದ ಮಾಲು ವಾಪಸ್ಸಿಲ್ಲ ಎಂದು ಬಾಗಿಲಿಗೇ ಬರೆದು ಅಂಟಿಸಿದ್ದ. ಈಸ್ಟರಿಗೆ ಎರಡು ವಾರ ಇದೆ ಎನ್ನುವಾಗ ಭಾವ ನಾಲ್ಕು ಹೊಸ ಟೈರು ತಂದು ಗ್ಯಾರೇಜಿನಲ್ಲಿ ಪೇರಿಸಿಟ್ಟು, ಮೇಲೆ ಹಳೇ ದುಪ್ಪಟಿ ಹೊದಿಸಿ, ಕೈ ತೊಳೆದು ಊಟಕ್ಕೆ ಬಂದು ಕೂತರು.

"ಅರ್ಧ ರೇಟು ಕಣೇ ಗೆರ್ಲಿಂಡೆ! ಮುಂದಿನ ಚಕ್ರಕ್ಕೂ ಹಿಂದಿನಷ್ಟೇ ಅಗಲದ್ದು. ಈ ಸಲ ಆ ಓಸ್ವಿನ್ ಬಾಯಿ ಮುಚ್ಚಬೇಕು, ನೋಡ್ತಿರು."

ಓಸ್ವಿನ್ ಎಂದರೆ ಭಾವನ ಜೊತೆ ಕಾರಿನ ಕಾರ್ಖಾನೆಯಲ್ಲಿದ್ದವನು. ನಿವೃತ್ತರಾದ ಕಾರ್ಖಾನೆಯವರ ಸಂಘವೊಂದಿದೆ. ಪ್ರತಿ ಮೇ ಒಂದರಂದು ಅವರೆಲ್ಲ ತಮ್ಮ ತಮ್ಮ ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಕಪ್ಪುಕಾಡಿನ ಬೆಟ್ಟ ಹತ್ತುತ್ತಾರೆ. ಹಿಂದಿನ ವರ್ಷ ಎಲ್ಲರೆದುರು ಆ ಓಸ್ವಿನ್, "ಎಬರ್ಹಾರ್ಟ್, ನಿನ್ನ ಕಾರು ಮುಂದಿನಿಂದ ನೋಡಿದ್ರೆ ಸೈಕಲ್ ಇದ್ದ ಹಾಗಿದೆಯಲ್ಲೋ" ಅಂದುಬಿಟ್ಟಿದ್ದ. ಆ ಮಾತನ್ನು ಭಾವ ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಮನೆಯ ವಿಷಯ ಹೇಳಿಬಿಡುತ್ತೇನೆ. ಕೆಳಗೆ ಭಾವ ಮತ್ತು ನನ್ನಕ್ಕ ಗೆರ್ಲಿಂಡೆ. ನಡುವಿನ ಮಹಡಿಯಲ್ಲಿ ಅವರ ಒಬ್ಬಳೇ ಮಗಳು ಬ್ರಿಟ್ಟಾ, ಅವಳ ಗಂಡ ಹಿನ್ನರ್ಕ್, ಅವರ ಹದಿನಾಲ್ಕು ವರ್ಷದ ಮಗಳು ವೀಬ್ಕೆ. ಎಲ್ಲಕ್ಕಿಂತ ಮೇಲೆ, ಹೆಂಚಿನಡಿಯ ಒಂದು ಕೋಣೆಯಲ್ಲಿ ನಾನು, ಇರ್ಮೆಲಾ. ಮದುವೆಯಾಗಲಿಲ್ಲ, ಪರದೆ ಹೊಲಿಯುವ ಅಂಗಡಿಯಲ್ಲಿ ಕಣ್ಣು ಸವೆಸಿದೆ, ಇದ್ದ ಬಾಡಿಗೆ ಮನೆ ಮಾರಾಟವಾಯಿತು, ಭಾವ ಕರೆದು ಕೋಣೆ ಕೊಟ್ಟರು. ಬಾಡಿಗೆ ಇಲ್ಲ. ಅದಕ್ಕೆ ಬದಲಾಗಿ ಎಲ್ಲರ ಬಟ್ಟೆಗೂ ಇಸ್ತ್ರಿ ನನ್ನದು. ಊಟ ಕೆಳಗೆ ಅಕ್ಕನ ಜೊತೆ. ಭಾನುವಾರ ಮಾತ್ರ ಆರೂ ಜನ ಒಂದೇ ಮೇಜಿಗೆ ಕೂರುತ್ತೇವೆ.

ಭಾವ ಮೂವತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ತಯಾರಾದ ಕಾರುಗಳ ತಗಡಿನ ಮೇಲೆ ಅಂಗೈ ಸವರಿ, ಉಬ್ಬು ತಗ್ಗು ಹುಡುಕುವ ಕೆಲಸ ಮಾಡಿದವರು. ಹೊರಬಂದಾಗ ಅದೇ ಕಾರ್ಖಾನೆಯ ಹಳೇ ಎರಡು ಸೀಟಿನ ಕಾರು ಕೊಂಡರು. ಒಂದು ಮೊಳೆಯೂ ಹೊರಗಿನದಲ್ಲ, ಎಲ್ಲ ಕಾರ್ಖಾನೆ ಕೊಟ್ಟದ್ದೇ ಎನ್ನುವುದು ಅವರ ಹೆಮ್ಮೆ. ಚಕ್ರಗಳೂ ಹಾಗೆಯೇ. ಟೈರು ಮಾತ್ರ ಈಗ ಅಗಲದ್ದು ಬೇಕಾಗಿತ್ತು. ಮುಂದಿನ ಚಕ್ರಕ್ಕೆ ಕಾರ್ಖಾನೆ ಬರೆದದ್ದು ಇನ್ನೂರೈದು, ಇವರು ತಂದದ್ದು ಇನ್ನೂರಿಪ್ಪತ್ತೈದು. ಇಪ್ಪತ್ತು ಮಿಲಿಮೀಟರ್ ಹೆಚ್ಚು, ನನ್ನ ಕಿರುಬೆರಳಿನ ಎರಡು ಗಿಣ್ಣಿನಷ್ಟೂ ಇಲ್ಲ.

ಅಳಿಯ ಹಿನ್ನರ್ಕ್ ಕೆಲಸ ಮಾಡುವುದು ವಾಹನ ತಪಾಸಣೆ ಕೇಂದ್ರದಲ್ಲಿ. ಉತ್ತರದ ಕಡಲತೀರದವನು, ಮಾತು ಕಡಿಮೆ. ಹದಿನಾರು ವರ್ಷದ ಹಿಂದೆ ಬ್ರಿಟ್ಟಾ ಅವನನ್ನು ಮನೆಗೆ ಕರೆತಂದ ದಿನವೇ ಭಾವ ಅವನಿಗೆ 'ಮೀನ್‌ತಲೆ' ಎಂದು ಹೆಸರಿಟ್ಟರು. ಅವನು ಅಂದು ನಕ್ಕ. ಆಮೇಲೆ ನಗುವುದನ್ನು ಬಿಟ್ಟ, ಭಾವ ಕರೆಯುವುದನ್ನು ಬಿಡಲಿಲ್ಲ.

ಕಾರಿನ ಪತ್ರದಲ್ಲಿ ಇಲ್ಲದ ಅಳತೆಯ ಟೈರು ಹಾಕಿದರೆ ನಮ್ಮಲ್ಲಿ ಕಾರಿಗೆ ವಿಮೆಯೂ ಇಲ್ಲ, ಬೆಲೆಯೂ ಇಲ್ಲ. ತಪಾಸಣೆಗಾರ ನೋಡಿ ಸಹಿ ಹಾಕಬೇಕು, ಆ ಕಾಗದ ಹಿಡಿದು ಹೋಗಿ ಪತ್ರದಲ್ಲಿ ಬರೆಸಬೇಕು. ಭಾವ ಮೊದಲು ಅಳಿಯನ ಕಡೆ ಹೋಗಲಿಲ್ಲ, ಬಿಗುಮಾನ ಅಡ್ಡ ಬಂತು. ಪಕ್ಕದ ಊರಿನ ಕೇಂದ್ರಕ್ಕೆ ಹೋದರು. ಅಲ್ಲಿನವನು ನೋಡಿ, ಟೈರು ಮಡ್‌ಗಾರ್ಡಿನ ಒಳ ಅಂಚಿಗೆ ತಗಲುತ್ತದೆ, ಅಂಚನ್ನು ಒಳಕ್ಕೆ ಮಡಚಿಸಿ ತನ್ನಿ ಎಂದ. ಇನ್ನೊಂದು ಕೇಂದ್ರದವನೂ ಅದನ್ನೇ ಹೇಳಿದ. ಕಾರ್ಖಾನೆಯ ತಗಡಿಗೆ ಸುತ್ತಿಗೆ! ಭಾವ ಕೆಂಪಗಾಗಿ ಮನೆಗೆ ಬಂದರು.

ಶುಭ ಶುಕ್ರವಾರದ ದಿನ ಅಕ್ಕ ಕಡುಬು ಮಾಡಿದ್ದಳು. ಉಪವಾಸದ ದಿನ ಮಾಂಸ ದೇವರ ಕಣ್ಣಿಗೆ ಬೀಳದಿರಲಿ ಎಂದು ಹಿಟ್ಟಿನೊಳಗೆ ಮುಚ್ಚಿ ಬೇಯಿಸುವ ಕಡುಬು, ಜೊತೆಗೆ ಸಾರು ಹೊಯ್ದು ಕಲಸಿದ ಆಲೂಗೆಡ್ಡೆ. ಹಬ್ಬವೆಂದು ಎಲ್ಲರೂ ಕೆಳಗಿದ್ದರು.

"ಮಂಗಳವಾರ ಕಾರು ನಿನ್ನ ಕಡೆ ತರ್ತೀನಿ," ಎಂದರು ಭಾವ, ಅಳಿಯನ ಮುಖ ನೋಡದೆ. "ಒಂದು ಸಹಿ. ಐದು ನಿಮಿಷದ ಕೆಲಸ."

"ನೋಡದೆ ಹೇಗೆ ಹಾಕಲಿ ಮಾವ? ಸೋಮವಾರ ರಜೆ ಇದೆ, ಇಲ್ಲೇ ಅಂಗಳದಲ್ಲಿ ನೋಡೋಣ. ಆದ್ರೆ ಹಾಕ್ತೀನಿ."

"ಆದ್ರೆ ಅಂತೆ! ರಿಮ್ಮಿಗೆ ಕೂತ್ಕೊಂಡಿದೆಯಲ್ಲ, ಇನ್ನೇನು ನೋಡ್ತೀಯಾ?"

"ರಿಮ್ಮಿಗೆ ಕೂರುತ್ತೆ. ಏಳಿಂಚಿನ ರಿಮ್ಮಿಗೆ ಇದು ಹಾಕಬಹುದು ಅಂತ ಟೈರಿನವರೇ ಬರೆದಿದಾರೆ. ಎತ್ತರಾನೂ ಒಂದೇ. ಸಮಸ್ಯೆ ಇರೋದು ಚಕ್ರ ಪೂರ್ತಿ ತಿರುಗಿಸಿದಾಗ, ಅದೂ ಇಬ್ಬರು ಕೂತಿದ್ದಾಗ."

"ನನಗೆ ಕಾರು ಪಾಠ ಹೇಳ್ತಾನೆ! ಲೇ ಮೀನ್‌ತಲೆ, ನಿಮ್ಮೂರಲ್ಲಿ ದೋಣಿಗೆ ಚಕ್ರ ಇರುತ್ತಾ?"

ಅಕ್ಕ ನಕ್ಕಳು. ನಾನೂ ನಕ್ಕೆ. ಬ್ರಿಟ್ಟಾ ನಗಲಿಲ್ಲ, ಆದರೆ ಗಂಡನ ಕಾಲನ್ನು ಮೇಜಿನಡಿ ತುಳಿದಳು. ನಾನು ನೋಡಿದೆ.

ಸೋಮವಾರ ಹಿನ್ನರ್ಕ್ ಶಿಸ್ತಾಗಿ ಕೆಲಸ ಮಾಡಿದ. ಸೀಟುಗಳ ಮೇಲೆ ಮರಳಿನ ಮೂಟೆ ಇಟ್ಟ. ಮುಂದಿನ ಒಂದು ಚಕ್ರವನ್ನೂ ಹಿಂದಿನ ಎದುರು ಮೂಲೆಯ ಚಕ್ರವನ್ನೂ ಮರದ ದಿಮ್ಮಿಯ ಮೇಲೆ ಹತ್ತಿಸಿದ. ಮಡ್‌ಗಾರ್ಡಿನ ಒಳಗೆಲ್ಲ ಸೀಮೆಸುಣ್ಣ ಬಳಿದು, ವೀಬ್ಕೆಯ ಕೈಲಿ ಸ್ಟೇರಿಂಗನ್ನು ಕೊನೆತನಕ ತಿರುಗಿಸಿದ. ಕೆಳಗಿಳಿಸಿ ನೋಡಿದರೆ ಬಲಗಡೆ ಟೈರಿನ ಹೆಗಲ ಮೇಲೆ ಉದ್ದಕ್ಕೂ ಬಿಳಿ ಗೆರೆ.

"ತಗಲ್ತಿದೆ ತಾತ," ಎಂದಳು ವೀಬ್ಕೆ.

"ಯಾರೂ ನಿನ್ನ ಕೇಳಲಿಲ್ಲ."

"ಅಂಚು ಮಡಚಿದ್ರೆ ಸರಿಹೋಗುತ್ತೆ ಮಾವ. ಇಲ್ಲಾಂದ್ರೆ ಇನ್ನೂರಹದಿನೈದು ಹಾಕೋಣ. ಅದು ತಗಲಲ್ಲ, ನಾನು ಲೆಕ್ಕ ಹಾಕಿದೀನಿ. ಮುಂದಿನ ಎರಡು ಟೈರು ನಾನೇ ಕೊಡಿಸ್ತೀನಿ, ನಿಮ್ಮ ಹುಟ್ಟುಹಬ್ಬಕ್ಕೆ."

ಅವನು ಪ್ರೀತಿಯಿಂದಲೇ ಹೇಳಿದ. ಭಾವ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಕಾಲ ಬಳಿ ಎಸೆದರು.

"ನಿನ್ನ ದುಡ್ಡಿನ ಟೈರು ನನ್ನ ಕಾರಿಗಾ? ನನ್ನ ಮನೇಲಿ ಇದ್ಕೊಂಡು ನನಗೇ ದಾನ ಮಾಡ್ತೀಯಾ? ಮೇ ಹದಿನೈದಕ್ಕೆ ನೋಟರಿ ಹತ್ರ ಹೋಗೋದಿದೆ, ಗೊತ್ತು ತಾನೆ? ನಡು ಮಹಡಿ ಬ್ರಿಟ್ಟಾ ಹೆಸರಿಗೆ ಆಗಬೇಕೋ ಬೇಡ್ವೋ, ಇಬ್ಬರೂ ಕೂತು ಯೋಚ್ನೆ ಮಾಡಿ. ನನಗೇನೂ ಅವಸರ ಇಲ್ಲ."

ಹನ್ನೊಂದು ವರ್ಷದಿಂದ ಅವರಿಬ್ಬರೂ ಆ ಮಹಡಿಯನ್ನು ಕಟ್ಟಿಕೊಂಡಿದ್ದರು. ಬಚ್ಚಲಿಗೆ ಕಲ್ಲು ಹಾಸಿದ್ದು, ಕಿಟಕಿ ಬದಲಾಯಿಸಿದ್ದು, ಅಡುಗೆಮನೆಯ ಗೋಡೆ ಒಡೆದದ್ದು ಎಲ್ಲ ಹಿನ್ನರ್ಕನ ಕೈಕೆಲಸ, ಅವನ ಶನಿವಾರಗಳು. ಕಾಗದದಲ್ಲಿ ಮಾತ್ರ ಎಲ್ಲವೂ ಭಾವನದು. ಒಂದು ಇನ್ನೂರಿಪ್ಪತ್ತೈದರ ಟೈರಿಗೆ ಆ ಮನೆಯನ್ನು ಹಗ್ಗಕ್ಕೆ ಕಟ್ಟಿ ಎಳೆದಾಡುತ್ತಾರೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಮಾರನೇ ದಿನದಿಂದ ಶುರುವಾಯಿತು. ನಮ್ಮ ಕಡೆ ಮೆಟ್ಟಿಲು, ಅಂಗಳ, ಕಾಲುದಾರಿ ಗುಡಿಸುವ ಸರದಿ ವಾರಕ್ಕೊಬ್ಬರದು. ಯಾರ ವಾರವೋ ಅವರ ಬಾಗಿಲಿಗೆ ಒಂದು ಮರದ ಹಲಗೆ ನೇತುಬೀಳುತ್ತದೆ. ಆ ವಾರ ಅಕ್ಕನ ಸರದಿ.

"ಇರ್ಮೆಲಾ, ಹಲಗೆ ತಗೊಂಡು ಹೋಗಿ ಬ್ರಿಟ್ಟಾ ಬಾಗಿಲಿಗೆ ಹಾಕು."

"ಹೋದ ವಾರ ಅವರದೇ ಇತ್ತಲ್ಲ ಭಾವ?"

"ಈ ವಾರಾನೂ ಅವರದೇ. ಮುಂದಿನ ವಾರಾನೂ. ನಿನಗೆ ಗುಡಿಸೋಕೆ ಆಸೆ ಇದ್ರೆ ನಿನ್ನ ಬಾಗಿಲಿಗೆ ಹಾಕ್ಕೋ."

ಅರವತ್ತೆಂಟರ ಸೊಂಟ ನನ್ನದು. ಹೋಗಿ ಅವರ ಬಾಗಿಲಿಗೆ ಹಾಕಿದೆ. ಮೂರು ವಾರ, ವಾರವಾರವೂ, ನನ್ನ ಕೈಯಾರೆ ಹಾಕಿದೆ. ಹಿನ್ನರ್ಕ್ ಕೆಲಸದಿಂದ ಬಂದು ಷರಟು ಬದಲಿಸದೆ ಗುಡಿಸುತ್ತಿದ್ದ. ಭಾವ ಹಿಂದೆಯೇ ಹೋಗಿ ಮೆಟ್ಟಿಲ ಮೂಲೆಗೆ ಬೆರಳಿಟ್ಟು, ಬೆರಳನ್ನು ಅವನ ಮುಖದ ಮುಂದೆ ಹಿಡಿಯುತ್ತಿದ್ದರು.

"ಇದು ಏನು? ಇಪ್ಪತ್ತು ಮಿಲಿಮೀಟರ್ ಕಾಣುತ್ತೆ, ಇಷ್ಟು ಧೂಳು ಕಾಣಲ್ವಾ ತಪಾಸಣೆಗಾರರಿಗೆ?"

ವೀಬ್ಕೆಯನ್ನು ಬೆಳಗಿನ ಈಜಿಗೆ ಕರೆದೊಯ್ಯುತ್ತಿದ್ದುದು ಭಾವ. ಅದೂ ನಿಂತಿತು. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಅವರು ಕಿಟಕಿಯಿಂದಲೇ ಹೇಳಿದರು: "ನಿಮ್ಮಪ್ಪನ್ನ ಕೇಳು. ನಿಮ್ಮಪ್ಪ ಭಾರೀ ನಿಯತ್ತಿನವನು, ನಿಯತ್ತಿನ ಮೇಲೆ ಕೂತ್ಕೊಂಡು ಹೋಗು." ಹಿನ್ನರ್ಕ್ ಅಷ್ಟು ಹೊತ್ತಿಗಾಗಲೇ ಕೆಲಸಕ್ಕೆ ಹೊರಟಾಗಿತ್ತು. ಜಿಲ್ಲಾ ಮಟ್ಟದ ಆಯ್ಕೆಗೆ ಒಂದು ತಿಂಗಳಿತ್ತು. ಹುಡುಗಿ ಎರಡು ಬಸ್ಸು ಬದಲಿಸಿ ಹೋಗಿ, ತಡವಾಗಿ ತಲುಪಿ, ತರಬೇತಿಯವಳಿಂದ ಬೈಸಿಕೊಂಡು ಬಂದಳು.

ಅಕ್ಕನಾದರೂ ಒಂದು ಮಾತು ಹೇಳಬಹುದಿತ್ತು. "ಅವರಿಗೆ ಬಿಪಿ ಇದೆ ಕಣೇ, ಎದುರಾಡಬಾರದು," ಎನ್ನುತ್ತಿದ್ದಳು. ಐವತ್ತು ವರ್ಷದಿಂದ ಅವಳ ಮಂತ್ರ ಅದೇ. ಭಾನುವಾರ ಹಿನ್ನರ್ಕನ ತಟ್ಟೆಗೆ ಹುರಿದ ಮಾಂಸದ ಅಂಚಿನ ಒಣ ತುಂಡೇ ಬೀಳತೊಡಗಿತು. ಬಡಿಸುತ್ತಿದ್ದವಳು ಅವಳೇ.

ಏಪ್ರಿಲ್ ಕೊನೆಯ ವಾರ ಬ್ರಿಟ್ಟಾಳ ಅಡುಗೆಮನೆಯ ಪರದೆಗೆ ಅಂಚು ಹೊಲಿಯಲು ಹೋಗಿದ್ದೆ. ಗಂಡ ಹೆಂಡಿರಿಬ್ಬರಿಗೂ ನಾನಿದ್ದೇನೆಂಬ ಪರಿವೆಯೇ ಇರಲಿಲ್ಲ. ಬೇಳೆ ಸಾರು ಒಲೆಯ ಮೇಲೆ ಕುದಿಯುತ್ತಿತ್ತು.

"ಒಂದು ಸಹಿ ಹಿನ್ನರ್ಕ್. ಒಂದೇ ಒಂದು. ದಿನಾ ಮೂವತ್ತು ಹಾಕ್ತೀಯಾ."

"ಆ ಮೂವತ್ತೂ ಸರಿ ಇರ್ತಾವೆ."

"ಅಪ್ಪ ವರ್ಷಕ್ಕೆ ನಾಲ್ಕು ಸಲ ಕಾರು ತೆಗೀತಾರೆ. ನಲವತ್ತರ ಮೇಲೆ ಓಡಿಸಲ್ಲ."

"ಬೆಟ್ಟದ ತಿರುವಲ್ಲಿ ಉಜ್ಜಿ ಉಜ್ಜಿ ಟೈರು ಒಡೆಯೋಕೆ ನಲವತ್ತೂ ಬೇಡ. ಪಕ್ಕದ ಸೀಟಲ್ಲಿ ಕೂರೋದು ಯಾರು? ನಿಮ್ಮಮ್ಮ."

"ನಮ್ಮಮ್ಮನ ಚಿಂತೆ ನನಗಿಲ್ವಾ? ನನ್ನ ಚಿಂತೆ ನಿನಗಿದೆಯಾ? ಈ ಗೋಡೆ, ಈ ಒಲೆ, ಈ ಕಿಟಕಿ, ಹನ್ನೊಂದು ವರ್ಷ! ನಲವತ್ಮೂರನೇ ವಯಸ್ಸಲ್ಲಿ ಹೆಣ್ಣುಮಗು ಕಟ್ಕೊಂಡು ಬಾಡಿಗೆ ಮನೆ ಹುಡುಕ್ಲಾ? ಅವರು ಹೇಳಿದ್ದನ್ನ ಮಾಡೇ ಮಾಡ್ತಾರೆ, ನಿನಗೆ ಅಪ್ಪ ಗೊತ್ತಿಲ್ಲ."

"ಹದಿನಾರು ವರ್ಷದಿಂದ ಗೊತ್ತು."

"ಹಾಗಾದ್ರೆ ಗಂಡಸಾಗಿ ಹೆಂಡತಿ ಮಗಳಿಗೆ ಒಂದು ಸೂರು ಉಳಿಸು. ಅಷ್ಟೂ ಆಗದಿದ್ರೆ ಯಾಕಿದೀಯಾ ನೀನು?"

ಸಾರು ಉಕ್ಕಿ ಒಲೆಯ ಮೇಲೆ ಸುರಿಯಿತು. ಹಿನ್ನರ್ಕ್ ಎದ್ದು ಒಲೆ ಆರಿಸಿ, ಬಟ್ಟೆ ತಂದು ಒರೆಸಿದ. ಒರೆಸುತ್ತಲೇ, "ಸರಿ, ಗುರುವಾರ ತರೋಕೆ ಹೇಳು," ಎಂದ. ಬ್ರಿಟ್ಟಾ ಅವನ ಬೆನ್ನಿಗೆ ಹಣೆಯಿಟ್ಟು ಅತ್ತಳು. ನಾನು ದಾರ ಕಚ್ಚಿ, ಸೂಜಿ ಎತ್ತಿಟ್ಟು, ಮೇಲೆ ಹೋದೆ.

ಗುರುವಾರ ಸಹಿಯಾಯಿತು. ಶುಕ್ರವಾರ ಪತ್ರದಲ್ಲಿ ಹೊಸ ಅಳತೆ ಬರೆಸಿಕೊಂಡು ಬಂದ ಭಾವ ಅಳಿಯನ ಬೆನ್ನು ತಟ್ಟಿದರು. "ಈಗ ನೋಡು, ಮನುಷ್ಯನಾದೆ!" ಹಲಗೆಯನ್ನು ತಾವೇ ತೆಗೆದು ಕೆಳಗೆ ತಂದರು. ವೀಬ್ಕೆಯನ್ನು ಈಜಿಗೆ ಕರೆದುಕೊಂಡು ಹೋದರು. ಬ್ರಿಟ್ಟಾ ಸೇಬಿನ ಕೇಕು ಮಾಡಿ ಎಲ್ಲ ಮಹಡಿಗೂ ಹಂಚಿದಳು. ಹಿನ್ನರ್ಕ್ ಮಾತ್ರ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ, "ಹುಷಾರಿಲ್ವೇನಪ್ಪಾ?" ಎಂದು ಕೇಳಿದೆ. "ಮೇ ಒಂದು ಕಳೀಲಿ ಚಿಕ್ಕತ್ತೆ," ಎಂದ. ಆಮೇಲೆ ತಿಳಿಯಿತು, ಅಕ್ಕನ ಹತ್ತಿರ ಹೋಗಿ ಗುಟ್ಟಾಗಿ, "ಅತ್ತೇ, ಈ ಸಲ ತಲೆನೋವು ಅಂತ ಹೇಳಿ ಮನೇಲಿ ಉಳ್ಕೊಳ್ಳಿ" ಎಂದು ಬೇಡಿಕೊಂಡಿದ್ದನಂತೆ. ಅಕ್ಕ ಅದನ್ನು ಹೋಗಿ ಭಾವನಿಗೇ ಹೇಳಿದಳು. ಅವರು ಬಿದ್ದು ಬಿದ್ದು ನಕ್ಕರಂತೆ.

ಮೇ ಒಂದರ ಬೆಳಗ್ಗೆ ಇಬ್ಬರೂ ಹೊರಟರು. ಅಕ್ಕ ತಲೆಗೆ ರೇಷ್ಮೆ ವಸ್ತ್ರ ಕಟ್ಟಿದ್ದಳು, ಕಾರು ಹೊಳೆಯುತ್ತಿತ್ತು. ಸಂಜೆ ಏಳಕ್ಕೆ ಬರಬೇಕಾದವರು ಮಧ್ಯಾಹ್ನ ಎರಡಕ್ಕೇ ಬಂದರು.

"ಎಂಜಿನ್ ಬಿಸಿಯಾಯ್ತಂತೆ ಕಣೇ. ಬೆಟ್ಟದ ಎರಡನೇ ತಿರುವಲ್ಲಿ ಗರ್ ಅಂತು. ಎಲ್ಲರೂ ಮುಂದೆ ಹೋದ್ರು, ನಾವು ವಾಪಸ್ ಬಂದ್ವಿ," ಎಂದಳು ಅಕ್ಕ. ಕಾರಿನ ವಿಷಯದಲ್ಲಿ ಅವಳಿಗೆ ಗಂಡ ಹೇಳಿದ್ದೇ ವೇದ. "ಓಸ್ವಿನ್ ಕೈ ಬೀಸಿಕೊಂಡು ಹೋದ. ಇವರು ಬಂದವರೇ ಗ್ಯಾರೇಜಿಗೆ ಹೋದ್ರು. ಕಾಫಿಗೆ ಕರಿ ಹೋಗು."

ಗ್ಯಾರೇಜಿಗೆ ಹೋದೆ. ಭಾವ ಬಲಗಡೆಯ ಮುಂದಿನ ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಟಾರ್ಚು. ಟೈರಿನ ಹೆಗಲ ಮೇಲೆ ಎರಡು ಬೆರಳು ಹೋಗುವಷ್ಟು ಅಗಲ ಕೊರೆದು, ಒಳಗಿನ ಬಿಳಿ ನೂಲು ಕಾಣುತ್ತಿತ್ತು. ಜೀವಮಾನವೆಲ್ಲ ಬಟ್ಟೆಯ ಜೊತೆ ಕಳೆದವಳು ನಾನು, ನೂಲು ಕಿತ್ತರೆ ಏನರ್ಥವೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಭಾವನ ಮುಖ ಸುಣ್ಣದ ಹಾಗಿತ್ತು. ತುಟಿ ಅದುರುತ್ತಿತ್ತು. ಆ ಮನುಷ್ಯ ಹೆದರಿದ್ದನ್ನು ಐವತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ.

"ತಗಲೇ ಬಿಡ್ತು, ಇರ್ಮೆಲಾ," ಎಂದರು, ಮಗುವಿನ ಹಾಗೆ. "ನಾನು ತಗಲಲ್ಲ ಅಂದ್ಕೊಂಡಿದ್ದೆ. ದೇವರಾಣೆ, ತಗಲಲ್ಲ ಅಂದ್ಕೊಂಡಿದ್ದೆ."

ನನಗೆ ಅಯ್ಯೋ ಅನಿಸಿತು. ಹತ್ತಿರ ಹೋಗಿ, "ಹೋಗ್ಲಿ ಬಿಡಿ ಭಾವ, ಜೀವ ಉಳೀತಲ್ಲ. ಹಿನ್ನರ್ಕ್‌ಗೆ ಒಂದು ಮಾತು ಹೇಳಿಬಿಡಿ, ನೀನು ಹೇಳಿದ್ದೇ ಸರಿ ಅಂತ. ಅವನೂ ನೆಮ್ಮದಿಯಾಗಿ ಊಟ ಮಾಡಲಿ," ಎಂದೆ.

ಅಷ್ಟಂದದ್ದೇ ತಪ್ಪಾಯಿತು. ಅವರು ಟಾರ್ಚು ಆರಿಸಿ ನಿಧಾನವಾಗಿ ಎದ್ದರು. ಎದ್ದು ನಿಲ್ಲುವಷ್ಟರಲ್ಲಿ ಮುಖ ಮತ್ತೆ ಮೊದಲಿನದಾಗಿತ್ತು.

"ನೀನು ಏನೂ ನೋಡಿಲ್ಲ, ಏನೂ ಕೇಳಿಲ್ಲ. ತಿಳೀತಾ? ನಿನ್ನ ಕೋಣೆ ಕಿಟಕೀಲಿ ಗಾಳಿ ನುಗ್ಗುತ್ತೆ ಅಂತಿದ್ಯಲ್ಲ, ಜೂನಲ್ಲಿ ಹೊಸದು ಹಾಕಿಸ್ತೀನಿ. ಆ ಕೋಣೆ ಇಷ್ಟ ತಾನೆ ನಿನಗೆ?"

"ಇಷ್ಟ ಭಾವ," ಎಂದೆ.

ಆ ಭಾನುವಾರ ಆರೂ ಜನ ಮೇಜಿಗೆ ಕೂತೆವು. ಹೊಸ ಬಿಳಿ ಶತಾವರಿಯ ಚಿಗುರು ಬಂದಿತ್ತು, ಹುರಿದ ಮಾಂಸ, ಸ್ಪೆಟ್ಜ್ಲೆ ಎಂಬ ಹಿಟ್ಟಿನ ಶ್ಯಾವಿಗೆ, ದೊಡ್ಡ ಬೋಗುಣಿ ತುಂಬ ಗೊಜ್ಜು. ಬ್ರಿಟ್ಟಾ ಹೊಸ ಬ್ಲೌಸು ಹಾಕಿಕೊಂಡು ಬಂದಿದ್ದಳು, ನೋಟರಿಯ ದಿನಕ್ಕೆ ಒಂಬತ್ತೇ ದಿನ ಉಳಿದಿತ್ತು. ಭಾವ ಪ್ರಾರ್ಥನೆ ಹೇಳಿದರು. ಆಮೇಲೆ ಕೂರಲಿಲ್ಲ. ಹೊರಗೆ ಹೋಗಿ ಆ ಟೈರನ್ನು ಉರುಳಿಸಿಕೊಂಡು ಒಳಗೆ ಬಂದು, ಹಿನ್ನರ್ಕನ ಕುರ್ಚಿಯ ಪಕ್ಕ, ಒರೆಸಿದ ನೆಲದ ಮೇಲೆ ಕೆಡವಿದರು.

"ನೋಡಿ ಎಲ್ಲರೂ. ನೂಲು ಕಾಣ್ತಿದೆಯಾ? ಇದಕ್ಕೆ ಸಹಿ ಹಾಕಿದೋನು ಇಲ್ಲಿ ಕೂತಿದಾನೆ."

ಹಿನ್ನರ್ಕ್ ಬಗ್ಗಿ ನೋಡಿದ. ಕೊರೆದ ಜಾಗದ ಮೇಲೆ ಬೆರಳಿಟ್ಟ. "ಅತ್ತೆಗೆ ಏನೂ ಆಗಲಿಲ್ಲ ತಾನೆ?" ಎಂದ.

"ಆಗಿದ್ರೆ ಏನು ಮಾಡ್ತಿದ್ದೆ? ಇನ್ನೊಂದು ಸಹಿ ಹಾಕ್ತಿದ್ಯಾ? ಕೇಳಿ ಇಲ್ಲಿ. ಇದು ಉಜ್ಜುತ್ತೆ ಅಂತ ನನಗೆ ಮೊದಲ ದಿನದಿಂದ ಗೊತ್ತಿತ್ತು. ಮೂವತ್ತೊಂಬತ್ತು ವರ್ಷ ಅದೇ ತಗಡು ಮುಟ್ಟಿದೋನಿಗೆ ಗೊತ್ತಾಗಲ್ವಾ? ಮನೆ ಬರೆದುಕೊಡೋ ಮುಂಚೆ ಇವನು ಎಂಥವನು ಅಂತ ನೋಡಬೇಕಿತ್ತು. ಒತ್ತಿದ್ರೆ ಬಗ್ಗುತ್ತಾ, ನಿಲ್ಲುತ್ತಾ ಅಂತ. ನೋಡ್ದೆ. ಮೂರು ವಾರಕ್ಕೆ ಬಗ್ಗಿದ. ಅತ್ತೆ ಸಾಯಬಹುದು ಅಂತ ಗೊತ್ತಿದ್ದೂ ಮೂರು ಕೋಣೆಗೆ ಕೈ ಮಾರ್ಕೊಂಡ!"

"ಗೊತ್ತಿದ್ರೆ ಅಜ್ಜೀನ ಯಾಕೆ ಕೂರಿಸ್ಕೊಂಡು ಹೋದ್ರಿ ತಾತ?" ಎಂದಳು ವೀಬ್ಕೆ. ಆ ಮನೆಯಲ್ಲಿ ಬಾಯಿ ಇದ್ದದ್ದು ಅವಳೊಬ್ಬಳಿಗೇ.

"ಮೂವತ್ತರಲ್ಲಿ ಓಡಿಸ್ದೆ. ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಗೊತ್ತಿತ್ತು. ನೀನು ಬಾಯಿ ಮುಚ್ಕೊಂಡು ತಿನ್ನು."

ನನ್ನ ಕೈಯಲ್ಲಿ ಗೊಜ್ಜಿನ ಬೋಗುಣಿ ಇತ್ತು. ಭಾವ ನನ್ನ ಕಡೆ ನೋಡಿದರು. ಸುಳ್ಳು ಕಣ್ರೋ, ಮಹಾ ಸುಳ್ಳು, ಗ್ಯಾರೇಜಿನಲ್ಲಿ ಮಂಡಿಯೂರಿ ನಡುಗುತ್ತಿದ್ದರು, ದೇವರಾಣೆ ಗೊತ್ತಿರಲಿಲ್ಲ ಅಂದರು ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಬೋಗುಣಿಯನ್ನು ಅಕ್ಕನ ಕಡೆ ಸರಿಸಿದೆ. ಅವಳು ಬಡಿಸಿಕೊಂಡಳು.

"ಹೆದರಬೇಡ ಬ್ರಿಟ್ಟಾ," ಎಂದರು ಭಾವ, ಕೂತು ಕರವಸ್ತ್ರ ಹಾಸಿಕೊಳ್ಳುತ್ತ. "ಮನೆ ನಿನಗೇ. ಕೊಟ್ಟ ಮಾತು ತಪ್ಪೋನಲ್ಲ ನಾನು. ಇವನೂ ಇರಲಿ. ಪ್ರತಿ ಭಾನುವಾರ ಇಲ್ಲೇ ಊಟಕ್ಕೆ ಬರಲಿ. ಸಹಿ ಮಾಡಿದ ಕಾಗದದ ನಕಲು ನನ್ನ ಬೀರುವಿನಲ್ಲಿರುತ್ತೆ, ಈ ಟೈರೂ ಇರುತ್ತೆ. ಇವನ ಆಫೀಸಿನವರಿಗೆ ತೋರಿಸೋ ಕಾಲ ಬರದಿರಲಿ ಅಂತ ಬೇಡ್ಕೋತೀನಿ. ಏನು ಮೀನ್‌ತಲೆ, ಉಣ್ಣಲ್ವಾ?"

ಹಿನ್ನರ್ಕ್ ಹೆಂಡತಿಯ ಕಡೆ ತಿರುಗಿದ. ಎಲ್ಲರೂ ತಿರುಗಿದೆವು. ಬ್ರಿಟ್ಟಾಳ ಕುತ್ತಿಗೆಯವರೆಗೂ ಕೆಂಪೇರಿತ್ತು. ಅವಳು ಟೈರನ್ನು ನೋಡಿದಳು, ತಾಯಿಯನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ನೀನು ಆಗಲ್ಲ ಅನ್ನಬಹುದಿತ್ತಲ್ಲ," ಎಂದಳು.

"ಅಂದಿದ್ನಲ್ಲ. ಮೂರು ವಾರ ಅಂದೆ."

"ಆಮೇಲೆ ಹಾಕಿದ್ಯಲ್ಲ. ಅಮ್ಮ ಕೂತಿರ್ತಾಳೆ ಅಂತ ನೀನೇ ಹೇಳಿ, ನೀನೇ ಹಾಕಿದ್ಯಲ್ಲ."

ಯಾರು ಹಾಕಿಸಿದ್ದು ಎಂದು ಅವನು ಕೇಳಲಿಲ್ಲ. ಮಗಳ ಮುಂದೆ ಕೇಳಲಾರದೆ ಹೋದನೋ, ಕೇಳಿ ಪ್ರಯೋಜನವಿಲ್ಲ ಅನಿಸಿತೋ. ಫೋರ್ಕು ತೆಗೆದುಕೊಂಡು ತಟ್ಟೆಯಲ್ಲಿದ್ದದ್ದನ್ನು ಒಂದಗುಳೂ ಬಿಡದೆ ತಿಂದ. ಅವನ ಕಾಲಿಗೆ ಟೈರು ತಾಗಿಕೊಂಡೇ ಇತ್ತು.

ಬುಧವಾರ ಹಿತ್ತಿಲಲ್ಲಿ ಕಸದ ಡಬ್ಬಗಳ ಹತ್ತಿರ ಸಿಕ್ಕ. ಬಾಟಲಿಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದ. ನನಗೆ ಮೂರು ದಿನದಿಂದ ನಿದ್ದೆಯಿರಲಿಲ್ಲ. ಸುತ್ತ ನೋಡಿ, ಎಲ್ಲ ಹೇಳಿಬಿಟ್ಟೆ. ಗ್ಯಾರೇಜು, ಟಾರ್ಚು, ತುಟಿ ಅದುರಿದ್ದು, ದೇವರಾಣೆ ಅಂದದ್ದು.

ಅವನು ಬಾಟಲಿ ಕೆಳಗಿಟ್ಟ. "ಪರೀಕ್ಷೆ ಅಲ್ವಾ ಹಾಗಾದ್ರೆ?"

"ಪರೀಕ್ಷೆನೂ ಇಲ್ಲ, ಮಣ್ಣೂ ಇಲ್ಲ. ತಗಲಲ್ಲ ಅಂತಾನೇ ನಂಬಿದ್ರು."

"ಭಾನುವಾರ ಯಾಕೆ ಹೇಳಲಿಲ್ಲ ಚಿಕ್ಕತ್ತೆ?"

"ನನ್ನ ಕೋಣೆ ಅವರ ಹೆಂಚಿನ ಕೆಳಗಿದೆಯಪ್ಪಾ."

ಅವನು ಸಿಟ್ಟಾಗಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. "ಅರ್ಥವಾಗುತ್ತೆ," ಎಂದ. "ನಮ್ಮದೂ ಅದೇ ಹೆಂಚಿನ ಕೆಳಗಿತ್ತಲ್ಲ." ಬಾಟಲಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ: "ಮಾವನಿಗೆ ಏನೂ ಹೇಳಬೇಡಿ, ನಿಮಗೆ ತೊಂದರೆ ಆಗೋದು ಬೇಡ. ಬ್ರಿಟ್ಟಾಗೆ ಮಾತ್ರ ಹೇಳಿ. ಅವಳು ನನ್ನ ಮುಖ ನೋಡ್ತಿಲ್ಲ. ನಾನು ಹೇಳಿದ್ರೆ ನೆಪ ಹೇಳ್ತೀನಿ ಅಂತಾಳೆ. ನಿಮ್ಮ ಮಾತು ನಂಬ್ತಾಳೆ."

"ಹೇಳ್ತೀನಿ."

"ಖಂಡಿತ?"

"ಖಂಡಿತ ಹೇಳ್ತೀನಿ ಕಣಪ್ಪಾ."

ಹದಿನೈದರಂದು ನೋಟರಿ ಹತ್ತೊಂಬತ್ತು ಪುಟವನ್ನು ಗಟ್ಟಿಯಾಗಿ ಓದಿದ, ಅಪ್ಪ ಮಗಳು ಸಹಿ ಹಾಕಿದರು. ಜೂನಿನಲ್ಲಿ ನನ್ನ ಕೋಣೆಗೆ ಹೊಸ ಕಿಟಕಿ ಬಂತು. ಹಿನ್ನರ್ಕ್ ಭಾನುವಾರದ ಊಟಕ್ಕೆ ಬರುತ್ತಿದ್ದ, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ಇವತ್ತು, ನಾಳೆ, ಈ ವಾರ ಕಳೆಯಲಿ ಎನ್ನುತ್ತ ನಾನು ದಿನ ತಳ್ಳಿದೆ. ಆಗಸ್ಟಿನ ಹೊತ್ತಿಗೆ ಅವನು ನೋಡುವುದನ್ನು ಬಿಟ್ಟ. ಅಕ್ಟೋಬರಿನಲ್ಲಿ ಎರಡು ಸೂಟ್‌ಕೇಸು ಹಿಡಿದು ತನ್ನ ಕಡಲಿನ ಕಡೆಗೆ ಹೊರಟುಹೋದ. ವೀಬ್ಕೆ ರಜೆಗೆ ಮಾತ್ರ ಅಲ್ಲಿಗೆ ಹೋಗುತ್ತಿದ್ದಳು, ಹದಿನೆಂಟು ತುಂಬಿದ ಮೇಲೆ ಅಲ್ಲೇ ಉಳಿದಳು.

ಏಳು ವರ್ಷವಾಯಿತು. ಭಾವ ತೀರಿಕೊಂಡು ಎರಡು ವರ್ಷ. ಈಗ ನನ್ನನ್ನು ಕೋಣೆಯಿಂದ ಎಬ್ಬಿಸುವವರು ಯಾರೂ ಇಲ್ಲ. ಮೊನ್ನೆ ಬ್ರಿಟ್ಟಾ ಕಾಫಿಗೆ ಮೇಲೆ ಬಂದಿದ್ದಳು, ಕೂದಲು ಪೂರ್ತಿ ನೆರೆತಿದೆ. ಕಿಟಕಿಯ ಹತ್ತಿರ ಕೂತು, ಹೊರಗೆ ನೋಡುತ್ತ ಹೇಳಿದಳು:

"ಒಂದೊಂದು ಸಲ ಹಿನ್ನರ್ಕ್ ನೆನಪಾಗ್ತಾನೆ ಚಿಕ್ಕಮ್ಮ. ಒಳ್ಳೆಯವನೇ ಅನಿಸುತ್ತೆ. ಆದ್ರೆ ಅಪ್ಪ ಅವನನ್ನ ಸರಿಯಾಗಿ ಪರೀಕ್ಷೆ ಮಾಡಿದ್ರು, ಅಲ್ವಾ?"

"ಹೂಂ," ಎಂದು ಅವಳ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದೆ.